ಖಾಲಿ ಕೋಣೆಯ ಚಿತ್ರ: ಮೊದಲು ಸಾಮಾನು, ಆಮೇಲೆ ಭಾವನೆ

ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಡಚ್ ಚಿತ್ರಕಾರ ವ್ಯಾನ್ ಗೋ ತನ್ನದೇ ಕೋಣೆಯನ್ನು ಬರೆದ ‘ಮಲಗುವ ಕೋಣೆ’ಯ ಪ್ರಿಂಟ್ ಬೋರ್ಡಿಗೆ ಅಂಟಿಸಿದ ಕೂಡಲೇ ಹಿಂದಿನ ಬೆಂಚಿನಿಂದ ಬರುತ್ತದೆ: "ಪಾಪ, ಒಂಟಿ ಸಾರ್!" ಕೋಣೆ ಖಾಲಿ ಅಂದ್ರೆ ದುಃಖ ಅಂತ ಮೊದಲೇ ತೀರ್ಮಾನ. ಅಷ್ಟು ಅವಸರ ಬೇಡ.

ಚಿತ್ರದ ಬಗ್ಗೆ ಬರೆಯುವ ಮುಂಚೆ, ಬಾಡಿಗೆ ಮನೆ ಬಿಡುವವರ ಹಾಗೆ ಮೊದಲು ಸಾಮಾನಿನ ಪಟ್ಟಿ ಮಾಡಿ. ಒಂದು ಮಂಚ, ಎರಡು ದಿಂಬು, ಎರಡು ಕುರ್ಚಿ, ಪುಟ್ಟ ಮೇಜಿನ ಮೇಲೆ ಬೋಗುಣಿ, ಗೂಟಕ್ಕೆ ಬಟ್ಟೆ, ಗೋಡೆಗೆ ಇಬ್ಬರ ಮುಖಚಿತ್ರ. ಒಬ್ಬನ ಕೋಣೆಗೆ ಎರಡೆರಡು ಯಾಕೆ? ಬರೆದದ್ದು 1888ರ ಅಕ್ಟೋಬರ್‌ನಲ್ಲಿ, ಫ್ರಾನ್ಸಿನ ಆರ್ಲ್ ಊರಿನಲ್ಲಿ. ಅದೇ ತಿಂಗಳು ಗೆಳೆಯ, ಚಿತ್ರಕಾರ ಗೋಗ್ಯಾಂ ಆ ಮನೆಗೆ ಬರುವವನಿದ್ದ. ಅವನಿಗೆ ಬೇರೆ ಕೋಣೆಯೇ ಇತ್ತು, ಹಾಗಾಗಿ ದಿಂಬು ಅವನದೇ ಅಂತ ಬರೆಯಬೇಡಿ. ಆದರೆ ಆ ಮನೆ ಯಾರಿಗೋ ಕಾಯುತ್ತಿತ್ತು.

ಬಣ್ಣದ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ಕೆಂಪು ಹೊದಿಕೆಯನ್ನು ಅಂಗೈಯಿಂದ ಮುಚ್ಚಿ. ಕೋಣೆ ಥಟ್ಟನೆ ತಣ್ಣಗಾಗುತ್ತದೆ. ಕೈ ತೆಗೆಯಿರಿ, ಮತ್ತೆ ಬೆಚ್ಚಗೆ. ಮಂಚ, ಕುರ್ಚಿ ಹೊಸ ಬೆಣ್ಣೆಯ ಹಳದಿ ಅಂತ ವ್ಯಾನ್ ಗೋ ತನ್ನ ತಮ್ಮ ಥಿಯೋಗೆ ಕಾಗದ ಬರೆದಿದ್ದ. ಇಲ್ಲಿ ಕ್ಲಾಸ್ ನಗುತ್ತದೆ. ಬೆಣ್ಣೆ ದೋಸೆ ಊರಿನವರಿಗೆ ಬೆಣ್ಣೆ ಬಿಳಿ ಅಲ್ವಾ! ಎಮ್ಮೆಯದು ಬಿಟ್ಟು ಹಸುವಿನ ಬೆಣ್ಣೆ ನೆನೆಸಿಕೊಳ್ಳಿ. ಅದೇ ಕಾಗದದಲ್ಲಿ ಗೋಡೆ ತಿಳಿ ನೇರಳೆ ಅಂತಿದೆ. ನಮಗೆ ಕಾಣುವುದು ನೀಲಿ. ತಪ್ಪು ಪ್ರಿಂಟಿನದಲ್ಲ. ನೇರಳೆಗೆ ಬೆರೆಸಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿಹೋಗಿದೆ. ಹಾಗಾಗಿ "ನೀಲಿ ಗೋಡೆ, ಅದಕ್ಕೇ ಬೇಸರ" ಅಂತ ಬರೆದರೆ ನಾನು ಮಾರ್ಕ್ಸ್ ಕೊಡಲ್ಲ. ಹಳದಿಯ ಪಕ್ಕ ನೇರಳೆ ಇಟ್ಟರೆ ಎರಡೂ ಮೇಲೇಳುತ್ತವೆ. ಅವನ ಲೆಕ್ಕ ಅದಾಗಿತ್ತು. ಚಿತ್ರ ನೋಡಿದರೆ ತಲೆಗೆ ವಿಶ್ರಾಂತಿ ಸಿಗಬೇಕು ಅನ್ನುವುದು ಅವನ ಆಸೆ.

ಸಿಗುತ್ತದಾ? ನನಗಂತೂ ಪೂರ್ತಿ ಇಲ್ಲ. ನೆಲ ನಮ್ಮ ಕಡೆಗೇ ಜಾರಿಕೊಂಡು ಬರುತ್ತದೆ. ಹಿಂದಿನ ಗೋಡೆ ಓರೆ, ಆ ಕೋಣೆಯ ಗೋಡೆ ನಿಜಕ್ಕೂ ಹಾಗೇ ಇತ್ತು. ನೆರಳನ್ನು ಬೇಕಂತಲೇ ಬಿಟ್ಟಿದ್ದಾನೆ, ಜಪಾನಿ ಮುದ್ರಣಚಿತ್ರಗಳ ರೀತಿ. ನೆರಳಿಲ್ಲದ ಕುರ್ಚಿಯ ಕಾಲು ನೆಲಕ್ಕೆ ಊರಿದ ಹಾಗೇ ಕಾಣುವುದಿಲ್ಲ. ಅವನು ಹೇಳಿದ ನೆಮ್ಮದಿ, ನಿಮಗೆ ಕಂಡ ಅಲುಗಾಟ, ಎರಡನ್ನೂ ಬರೆಯಿರಿ. ಸುಮ್ನೆ ಬರೆದರೆ ಸಾಲದು, ಯಾವ ಗೆರೆ, ಯಾವ ಬಣ್ಣ ಅಂತ ಬೆರಳಿಟ್ಟು ತೋರಿಸಿ.

1889ರಲ್ಲಿ ಇದೇ ಚಿತ್ರವನ್ನು ಮತ್ತೆ ಎರಡು ಸಲ ಬರೆದ. ಮೊದಲನೆಯದು ಆಮ್‌ಸ್ಟರ್‌ಡ್ಯಾಮಿನಲ್ಲಿದೆ, ಉಳಿದವು ಷಿಕಾಗೋ, ಪ್ಯಾರಿಸ್ಸಿನಲ್ಲಿ. ಮೂರನ್ನೂ ಮೊಬೈಲ್‌ನಲ್ಲಿ ಒಂದರ ಪಕ್ಕ ಒಂದಿಟ್ಟು ನೆಲದ ಬಣ್ಣ, ಗೋಡೆಯ ಮುಖಚಿತ್ರ ಹೋಲಿಸಿ. ಬ್ರೈಟ್‌ನೆಸ್ ಪೂರ್ತಿ ಏರಿಸಬೇಡಿ, ಹಳದಿ ಕಣ್ಣಿಗೆ ಚುಚ್ಚುತ್ತದೆ.