ಟೊರಾಂಟೊದ ಮೊದಲ ಡಿಸೆಂಬರ್: ಹೊಸಬರಿಗೆ ಮಾರ್ಗದರ್ಶಿ

ಊರಿನಿಂದ ಬರುವವರು ಚಳಿಗೆ ಸಜ್ಜಾಗಿಯೇ ಬರುತ್ತಾರೆ. ದಪ್ಪ ಜಾಕೆಟ್ಟು, ಬೂಟು, ಕೈಗವಸು ನವೆಂಬರ್ ಹೊತ್ತಿಗೆ ಮನೆ ಸೇರಿರುತ್ತವೆ. ಆದರೆ ಮೊದಲ ವರ್ಷ ಹೊರಗಿನ ಚಳಿಗಿಂತ ಹೆಚ್ಚು ಕಾಡುವುದು ಬೇಗ ಕವಿಯುವ ಕತ್ತಲೆ, ಹೀಟರಿನ ಒಣಗಾಳಿ ಮತ್ತು ರಜೆಯ ಎರಡು ವಾರ ಬಾಗಿಲು ಹಾಕಿಕೊಂಡು ಎಲ್ಲರೂ ಒಳಗೇ ಇರುವುದು. ಇವಕ್ಕೆ ತಯಾರಿ ಡಿಸೆಂಬರ್ 20ರ ಒಳಗೆ ಮುಗಿದಿರಬೇಕು.

ಬೆಳಕು

ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್ ಮೂರನೇ ವಾರಕ್ಕೆ ಸೂರ್ಯ ಹುಟ್ಟುವುದು ಸುಮಾರು 7.45ಕ್ಕೆ, ಮುಳುಗುವುದು 4.40ರ ಆಸುಪಾಸು. ಆಫೀಸಿಗೆ ಹೋಗುವವರಿಗೆ ವಾರವಿಡೀ ಬಿಸಿಲಿನ ಮುಖ ಕಾಣುವುದಿಲ್ಲ. ನಿದ್ದೆ ಹೊತ್ತುತಪ್ಪುತ್ತದೆ, ಮಂಕು ಕವಿಯುತ್ತದೆ, ಸಿಹಿ ತಿನ್ನುವ ಆಸೆ ಹೆಚ್ಚುತ್ತದೆ. ಮಧ್ಯಾಹ್ನದೊಳಗೆ 20ರಿಂದ 30 ನಿಮಿಷ ಹೊರಗೆ ನಡೆದು ಬನ್ನಿ. ಮೋಡ ಕವಿದ ಆಕಾಶದ ಬೆಳಕೂ ಮನೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು.

ಅದೂ ಆಗದಿದ್ದರೆ 10,000 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಲೈಟ್ ಥೆರಪಿ ದೀಪ ಸಿಗುತ್ತದೆ. ಎದ್ದ ಒಂದು ಗಂಟೆಯೊಳಗೆ ಅದನ್ನು ಒಂದು ಮೊಳ ದೂರದಲ್ಲಿಟ್ಟುಕೊಂಡು, ನೇರವಾಗಿ ದಿಟ್ಟಿಸದೆ, ಅರ್ಧ ಗಂಟೆ ಕಾಫಿ ಕುಡಿಯುತ್ತ ಕುಳಿತರೆ ಸಾಕು. ಸಂಜೆ ಹಚ್ಚಿದರೆ ರಾತ್ರಿ ನಿದ್ದೆ ಕೆಡುತ್ತದೆ. ಬೈಪೋಲಾರ್ ಕಾಯಿಲೆ ಅಥವಾ ಕಣ್ಣಿನ ರೆಟಿನಾ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಬಳಸಬಾರದು.

ವಿಟಮಿನ್ ಡಿ ದಿನಕ್ಕೆ 70 ವರ್ಷದವರೆಗೆ 600 ಯೂನಿಟ್, ಅದಕ್ಕೂ ಮೇಲ್ಪಟ್ಟವರಿಗೆ 800 ಯೂನಿಟ್ ಬೇಕು. ಎದೆಹಾಲು ಕುಡಿಯುವ ಕೂಸಿಗೆ 400 ಯೂನಿಟ್‌ನ ಹನಿ. ಇಲ್ಲಿನ ಹಾಲಿಗೆ ವಿಟಮಿನ್ ಡಿ ಬೆರೆಸಿರುತ್ತಾರೆ, ಆದರೆ ಅದೊಂದರಿಂದಲೇ ಸಾಲುವುದು ಕಷ್ಟ. ಊರಿನಿಂದ ತಂದ 60,000 ಯೂನಿಟ್‌ನ ಪುಡಿಯನ್ನು ಅಲ್ಲಿನವರು ಹೇಳಿದರೆಂದು ವಾರ ವಾರ ತೆಗೆದುಕೊಳ್ಳುವುದು ಬೇಡ. ದೊಡ್ಡವರಿಗೂ ದಿನಕ್ಕೆ 4,000 ದಾಟಬಾರದು; ದಾಟುವುದಾದರೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟೇ.

ಒಣಗಾಳಿ

ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನಂಶ ಕಡಿಮೆ. ಅದೇ ಗಾಳಿ ಮನೆಯೊಳಗೆ ಕಾದರೆ ಇನ್ನೂ ಒಣಗುತ್ತದೆ. ಮಕ್ಕಳ ಮೂಗಿನಲ್ಲಿ ರಕ್ತ, ಒಡೆದ ತುಟಿ, ಬಿರುಕುಬಿಟ್ಟ ಹಿಮ್ಮಡಿ, ರಾತ್ರಿಯ ಒಣಕೆಮ್ಮು ಎಲ್ಲಕ್ಕೂ ಮೂಲ ಇದೇ. ಚಳಿಯೆಂದು ಥರ್ಮೋಸ್ಟಾಟನ್ನು 25ಕ್ಕೆ ಏರಿಸಿದರೆ ಮತ್ತಷ್ಟು ಒಣಗುತ್ತದೆ. 20 ಅಥವಾ 21ರಲ್ಲಿಟ್ಟು ಸ್ವೆಟರ್ ಹಾಕಿಕೊಳ್ಳಿ. ಅಗ್ಗದ ತೇವಮಾಪಕವೊಂದನ್ನು ತಂದು ತೇವಾಂಶ ಶೇಕಡ 30ರಿಂದ 40ರ ನಡುವೆ ಇರುವಂತೆ ನೋಡಿಕೊಳ್ಳಿ. ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತಿದ್ದರೆ ತೇವ ಹೆಚ್ಚಾಗಿದೆ ಎಂದರ್ಥ. ಅಲ್ಲೇ ಬೂಸ್ಟು ಹಿಡಿಯುತ್ತದೆ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇದ್ದರೆ ತಗ್ಗಿಸಿ, ಸಾರು ಕುದಿಸುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ. ಹ್ಯುಮಿಡಿಫೈಯರಿನ ನೀರನ್ನು ದಿನವೂ ಚೆಲ್ಲಿ ಬದಲಿಸಬೇಕು. ಹಳೆ ನೀರು ಉಳಿದರೆ ಅದು ಸೂಕ್ಷ್ಮಜೀವಿಗಳನ್ನೇ ಕೋಣೆಗೆಲ್ಲ ಊದುತ್ತದೆ.

ಸ್ನಾನವಾದ ಮೇಲೆ ಮೈ ಪೂರ್ತಿ ಆರುವ ಮುಂಚೆಯೇ ವ್ಯಾಸಲೀನ್ ಅಥವಾ ಗಟ್ಟಿ ಕ್ರೀಮ್ ಹಚ್ಚಿ. ಎಣ್ಣೆಸ್ನಾನ ಬಿಡಬೇಕಿಲ್ಲ, ಆದರೆ ಟಬ್ಬಿನಲ್ಲಿ ಜಾರಿ ಬೀಳುವ ಅಪಾಯ ನಿಜ. ರಬ್ಬರ್ ಚಾಪೆ ಹಾಸಿ, ವಯಸ್ಸಾದವರಾದರೆ ಸ್ಟೂಲಿನ ಮೇಲೆ ಕೂತು ಮಾಡಲಿ. ಬಾಣಂತಿಗೂ ಕೂಸಿಗೂ ಸಾಂಬ್ರಾಣಿ ಹೊಗೆ ಹಾಕಲು ಕೆಂಡ ಮಾಡುವುದನ್ನು ಮಾತ್ರ ಇಲ್ಲಿ ಖಂಡಿತ ಮಾಡಬೇಡಿ. ಗಾಳಿ ಆಡದ ಮನೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಗ್ಯಾರೇಜಿನೊಳಗೆ ಕಾರು ಚಾಲೂ ಮಾಡಿ ಬಿಸಿ ಮಾಡುವುದೂ ಅಷ್ಟೇ ಅಪಾಯ. ಒಗ್ಗರಣೆ ಹೊಗೆಗೆ ಅಲಾರಂ ಕೂಗಿತೆಂದು ಬ್ಯಾಟರಿ ಕಿತ್ತಿಡಬೇಡಿ.

ಜ್ವರ, ನೆಗಡಿ, ಔಷಧಿ

ಓಹಿಪ್ (ಒಂಟಾರಿಯೊ ಪ್ರಾಂತ್ಯದ ಆರೋಗ್ಯ ವಿಮೆ) ಕಾರ್ಡ್ ಇದ್ದವರಿಗೆ ಫ್ಲೂ ಲಸಿಕೆ ಹತ್ತಿರದ ಫಾರ್ಮಸಿಯಲ್ಲೇ ಉಚಿತ. ಅದು ಕೆಲಸ ಮಾಡಲು ಸುಮಾರು ಎರಡು ವಾರ ಬೇಕು. ಕ್ರಿಸ್ಮಸ್ ಹಿಂದಿನ ದಿನ ಹಾಕಿಸಿಕೊಂಡರೆ ರಜೆಯ ಕೂಟಗಳಿಗೆ ಉಪಯೋಗವಿಲ್ಲ.

ಊರಿನ ಡೋಲೋ, ಕ್ರೋಸಿನ್‌ನಲ್ಲಿರುವ ಪ್ಯಾರಾಸಿಟಮಾಲ್‌ಗೆ ಇಲ್ಲಿನ ಹೆಸರು ಅಸಿಟಮಿನೋಫೆನ್. ಟೈಲೆನಾಲ್‌ನಲ್ಲಿರುವುದೂ ಅದೇ, ಇಲ್ಲಿನ ಬಹಳಷ್ಟು ನೆಗಡಿ ಔಷಧಿಗಳಲ್ಲಿರುವುದೂ ಅದೇ. ಡೋಲೋ ನುಂಗಿ ಮೇಲೊಂದು ನೆಗಡಿ ಸಿರಪ್ ಕುಡಿದರೆ ಒಂದೇ ಔಷಧಿ ಎರಡು ಸಲ ಹೊಟ್ಟೆ ಸೇರುತ್ತದೆ. ದೊಡ್ಡವರಿಗೆ ಎಲ್ಲ ಸೇರಿ ದಿನಕ್ಕೆ 4,000 ಮಿಲಿಗ್ರಾಂ ದಾಟಿದರೆ ಯಕೃತ್ತಿಗೆ ಪೆಟ್ಟು. ಆರು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಬಾರದು. ವರ್ಷ ತುಂಬಿದ್ದರೆ ಅರ್ಧ ಚಮಚ ಜೇನು ಕೊಡಿ, ತುಂಬದ ಕೂಸಿಗೆ ಜೇನೂ ಬೇಡ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದ ಉಳಿದ ಹೊತ್ತಿನಲ್ಲಿ 811ಕ್ಕೆ ಕರೆ ಮಾಡಿದರೆ 24 ಗಂಟೆಯೂ ನರ್ಸ್ ಸಿಗುತ್ತಾರೆ.

ಡಿಸೆಂಬರ್ 25, 26 ಮತ್ತು ಜನವರಿ 1ರಂದು ಹೆಚ್ಚಿನ ಕ್ಲಿನಿಕ್‌ಗಳು ಮುಚ್ಚಿರುತ್ತವೆ. ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳ ರೀಫಿಲ್ ಮೊದಲೇ ತಂದಿಡಿ. ಅಪ್ಪ ಅಮ್ಮ ಬಂದಿದ್ದರೆ ಅವರ ವಿಮೆಯಲ್ಲಿ ಹಳೆ ಕಾಯಿಲೆಗಳ ಷರತ್ತು ಏನಿದೆಯೆಂದು ಓದಿ. ಹಿಮ ತೆಗೆಯುವ ಸಲಿಕೆಯನ್ನು ಅವರ ಕೈಗೆ ಕೊಡಬೇಡಿ. ಚಳಿಯಲ್ಲಿ ರಕ್ತನಾಳ ಸಂಕುಚಿಸಿರುವಾಗ ಭಾರ ಎತ್ತಿದರೆ ಹೃದಯದ ಮೇಲೆ ಹೊರೆ ಬೀಳುತ್ತದೆ. ವಾಕಿಂಗಿಗೆ ಮಾಲ್ ಒಳ್ಳೆಯದು, ಜಾರುವ ಭಯವಿಲ್ಲ.

ರಜೆಯ ಒತ್ತಡ

ಆಫೀಸಿನ ಉಡುಗೊರೆ ಆಟಕ್ಕೆ ಎಷ್ಟು ಡಾಲರ್ ಮಿತಿಯೆಂದು ಕೇಳಲು ಸಂಕೋಚ ಬೇಡ, ಸೇರುವುದಿಲ್ಲ ಎಂದರೂ ಯಾರೂ ತಪ್ಪು ತಿಳಿಯುವುದಿಲ್ಲ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಚಿತ್ರಾನ್ನ ಒಯ್ಯುವುದಾದರೆ ಕಡಲೆಬೀಜ ಹಾಕದೆ ಮಾಡಿ. ನಟ್ ಅಲರ್ಜಿ ಇಲ್ಲಿ ತಮಾಷೆಯಲ್ಲ. ಕೆಲಸ ಹುಡುಕುತ್ತಿರುವವರಿಗೆ ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೆ ಉತ್ತರಗಳು ಬರುವುದಿಲ್ಲ. ಕಂಪನಿಗಳೇ ಅರೆಮುಚ್ಚಿರುತ್ತವೆ. ಅದನ್ನು ನಿರಾಕರಣೆಯೆಂದುಕೊಂಡು ಕೊರಗಬೇಡಿ, ಆ ವಾರಗಳಲ್ಲಿ ಡ್ರೈವಿಂಗ್ ಲೈಸೆನ್ಸಿನ ಮೊದಲ ಹಂತವಾದ ಜಿ1 ಪರೀಕ್ಷೆಗೆ ಓದಿ.

ಊರಿಗೆ ಫೋನು ಮಾಡುವ ಹೊತ್ತೂ ಬದಲಾಗುತ್ತದೆ. ಚಳಿಗಾಲದಲ್ಲಿ ಅಂತರ ಹತ್ತೂವರೆ ಗಂಟೆ. ರಾತ್ರಿ 11ರವರೆಗೆ ಎದ್ದು ಮಾತಾಡುವುದಕ್ಕಿಂತ ಶನಿವಾರ ಬೆಳಗ್ಗೆ 9ಕ್ಕೆ ಮಾಡಿ, ಅಲ್ಲಿ ಸಂಜೆ ಏಳೂವರೆ.

ಹೆಚ್ಚು ನಲುಗುವವರು ಸಾಮಾನ್ಯವಾಗಿ ಕೆಲಸವೂ ಕಾರೂ ಇಲ್ಲದೆ ಮನೆಯಲ್ಲೇ ಉಳಿಯುವ ಗಂಡ ಅಥವಾ ಹೆಂಡತಿ. ಎರಡು ವಾರ ಬಿಡದೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ವೈದ್ಯರನ್ನು ಕಾಣಿ. ಬದುಕು ಬೇಡವೆನಿಸಿದರೆ ಹಗಲಿರಲಿ ರಾತ್ರಿಯಿರಲಿ 988ಕ್ಕೆ ಕರೆ ಅಥವಾ ಮೆಸೇಜ್ ಮಾಡಬಹುದು. ಅಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ ಮಾತಾಡುತ್ತಾರೆ. ಇಂಗ್ಲಿಷ್ ಬಾರದ ಹಿರಿಯರ ಪರವಾಗಿ ಮನೆಯವರೇ ಕರೆ ಮಾಡಿ ಕೇಳಬಹುದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 911.