ಡೆಕ್‌ಗೆ ಒಂದು ಹೆಸರು, ಆವೃತ್ತಿಗೆ ಇನ್ನೊಂದು: ನನ್ನ ಅನುಭವ

ಸಂಗ್ರಾಹಕರಿಗಾಗಿ ಇಸ್ಪೀಟ್ ಡೆಕ್, ಅಂದರೆ ಎಲೆಗಳ ಕಟ್ಟು, ವಿನ್ಯಾಸ ಮಾಡುವವರು ಎರಡೆರಡು ಸಲ ನಾಮಕರಣ ಮಾಡಬೇಕು. ಮೊದಲು ಡೆಕ್‌ಗೆ, ಆಮೇಲೆ ಅದರ ಆವೃತ್ತಿಗೆ. ಡೆಕ್‌ನ ಹೆಸರು ನನಗೆ ಹೇಗೋ ಹೊಳೆದುಬಿಡುತ್ತದೆ. ಹಿಂಬದಿಯ ಚಿತ್ತಾರ ಒಂದು ಹದಕ್ಕೆ ಬರುವಷ್ಟರಲ್ಲಿ ಹೆಸರೂ ಬಾಯಿಗೆ ಬಂದಿರುತ್ತದೆ. ತಲೆ ತಿನ್ನುವುದು ಆವೃತ್ತಿಯ ಹೆಸರು. ಅದನ್ನು ಓದುವ ಸಂಗ್ರಾಹಕನಿಗೆ ಕವಿತ್ವ ಬೇಕಿಲ್ಲ. ತನ್ನ ಕಪಾಟಿನಲ್ಲಿರುವ ಡೆಕ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಗೊತ್ತಾದರೆ ಸಾಕು.

ಹಾಗಾಗಿ ನಾನು ಕೂರುವುದು ಬದಲಾವಣೆಗಳ ಪಟ್ಟಿ ಇಟ್ಟುಕೊಂಡು. ಹಿಂಬದಿಯ ಶಾಯಿ, ರಾಜ ರಾಣಿ ಗುಲಾಮರ ಚಿತ್ರ, ಕಾಗದದ ದಪ್ಪ, ಲೇಪನ, ಡಬ್ಬಿ, ಡಬ್ಬಿಯ ಬಾಯಿಗೆ ಅಂಟಿಸುವ ಸೀಲ್, ಅಂಚು. ಹೊಸ ಮುದ್ರಣದಲ್ಲಿ ಇವುಗಳಲ್ಲಿ ಏನು ಬದಲಾಗಿದೆಯೋ ಅದರಿಂದಲೇ ಹೆಸರು ಹುಟ್ಟಬೇಕು. ಶಾಯಿ ಮಾತ್ರ ಬೇರೆಯಾದರೆ ಬಣ್ಣದ ಹೆಸರು. ಚಿತ್ರಗಳನ್ನೇ ಹೊಸದಾಗಿ ಬರೆದಿದ್ದರೆ ವಿ2, ಅಂದರೆ ಎರಡನೇ ವರ್ಷನ್. ಡಬ್ಬಿ ಮಾತ್ರ ಬದಲಾಗಿದ್ದರೆ ಅದನ್ನು ಆವೃತ್ತಿ ಎಂದು ಕರೆಯುವುದೇ ಇಲ್ಲ. ಒಳಗಿನ ಎಲೆಗಳು ಅವೇ ಆಗಿರುವಾಗ ಹೊರಗೆ ಹೊಸ ಹೆಸರು ಅಂಟಿಸುವುದು ನನ್ನ ಮಟ್ಟಿಗೆ ಸಣ್ಣ ಮೋಸ.

ಬಣ್ಣದ ಹೆಸರು ಸುಲಭ ಅನ್ನಿಸುತ್ತದೆ, ಆದರೆ ಬರೀ ‘ಕೆಂಪು’ ಅಂತ ಇಟ್ಟರೆ ಮುಂದೆ ಇನ್ನೊಂದು ಕೆಂಪು ಬಂದಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಚೆರ್ರಿ ಕ್ಯಾಸಿನೊ ಡೆಕ್‌ಗಳವರು ಇದನ್ನು ಚೆನ್ನಾಗಿ ನಿಭಾಯಿಸಿದ್ದಾರೆ: ರೀನೊ ರೆಡ್, ಟಾಹೋ ಬ್ಲೂ, ಡೆಸರ್ಟ್ ಇನ್ ಪರ್ಪಲ್, ಟ್ರಾಪಿಕಾನಾ ಟೀಲ್. ಹೆಸರಿನ ಮೊದಲರ್ಧ ಜೂಜಿನ ಊರು, ಸರೋವರ ಅಥವಾ ಕ್ಯಾಸಿನೊ. ಉಳಿದರ್ಧ ನೇರವಾಗಿ ಬಣ್ಣ. ಡೆಕ್‌ನ ಗತ್ತೂ ಉಳಿಯಿತು, ಗುರುತೂ ಸಿಕ್ಕಿತು. ವರ್ಚುಸೊ ಡೆಕ್‌ನವರದು ಬೇರೆ ದಾರಿ. ಎಸ್‌ಎಸ್14, ಎಫ್‌ಡಬ್ಲ್ಯು17 ಅಂತ ಫ್ಯಾಷನ್ ಲೋಕದ ಋತು ಮತ್ತು ವರ್ಷವನ್ನೇ ಹೆಸರಾಗಿಸಿದರು: ಎಸ್‌ಎಸ್ ಅಂದರೆ ವಸಂತ-ಬೇಸಿಗೆ, ಎಫ್‌ಡಬ್ಲ್ಯು ಅಂದರೆ ಶರತ್ಕಾಲ-ಚಳಿಗಾಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಗೊಂದಲವೇ ಇಲ್ಲ. ನನಗೆ ಈ ಪದ್ಧತಿ ಇಷ್ಟ, ಆದರೆ ಒಂದು ವರ್ಷ ಏನೂ ಮುದ್ರಿಸದಿದ್ದರೆ ಆ ಖಾಲಿ ಜಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನಂಥ ನಿಧಾನಸ್ಥರಿಗೆ ಅದು ಹೇಳಿಮಾಡಿಸಿದ್ದಲ್ಲ.

ಹಳೆಯ ಕಂಪನಿಗಳು ಈ ತಾಪತ್ರಯವನ್ನು ಅಂಕಿಯಲ್ಲೋ ಆಕಾರದಲ್ಲೋ ಮುಗಿಸಿದ್ದವು. ಬೈಸಿಕಲ್ ಡೆಕ್ 1885ರಲ್ಲಿ ಬಂತು, ಅದರ ಸಂಖ್ಯೆ 808. ಬೀ ಡೆಕ್ ಬಂದದ್ದು 1892ರಲ್ಲಿ. ಅದರ ಇಸ್ಪೀಟ್ ಎಕ್ಕದ ಮೇಲೆ 92 ಅಂತ ಇದೆ. ಟ್ಯಾಲಿ ಹೋ ಡೆಕ್‌ಗಳನ್ನು ಹಿಂಬದಿಯ ಆಕಾರ ನೋಡಿ ‘ಸರ್ಕಲ್ ಬ್ಯಾಕ್’, ‘ಫ್ಯಾನ್ ಬ್ಯಾಕ್’ ಅನ್ನುತ್ತಾರೆ. ಇಷ್ಟು ವರ್ಷಗಳಾದರೂ ಯಾರಿಗೂ ಅನುಮಾನ ಬಂದಿಲ್ಲ.

ತಯಾರಕರು ಇಟ್ಟ ಹೆಸರಿಗಿಂತ ಸಂಗ್ರಾಹಕರು ಕಟ್ಟಿದ ಹೆಸರು ಗಟ್ಟಿ. ಬೈಸಿಕಲ್ ತಯಾರಿಸುವ ಯುನೈಟೆಡ್ ಸ್ಟೇಟ್ಸ್ ಪ್ಲೇಯಿಂಗ್ ಕಾರ್ಡ್ ಕಂಪನಿ 2009ರಲ್ಲಿ ಕಾರ್ಖಾನೆಯನ್ನು ಒಹಾಯೊದಿಂದ ಕೆಂಟಕಿಗೆ ಸಾಗಿಸಿತು. ಒಹಾಯೊದಲ್ಲಿ ತಯಾರಾದ ಡೆಕ್‌ಗಳ ಮೇಲೆ ಇದ್ದದ್ದು ನೀಲಿ ಸೀಲ್. ಅದನ್ನು ಮುದ್ರಿಸಿದವರ ಪಾಲಿಗೆ ಅದು ಮಾಮೂಲಿ ಸರಕು. ಇವತ್ತು ‘ಬ್ಲೂ ಸೀಲ್’ ಅಂದರೆ ಸಂಗ್ರಾಹಕರ ಕಿವಿ ನೆಟ್ಟಗಾಗುತ್ತದೆ. ಜೆರ್ರೀಸ್ ನಗೆಟ್‌ದೂ ಹೀಗೇ. 1970ರಲ್ಲಿ ಒಂದು ಕ್ಯಾಸಿನೊಗಾಗಿ ಅಚ್ಚಾದ ಡೆಕ್ ಅದು, ಆವೃತ್ತಿಯ ಹೆಸರಿನ ಗೊಡವೆಯೇ ಅದಕ್ಕಿರಲಿಲ್ಲ. ದಶಕಗಳ ನಂತರ ಮರುಮುದ್ರಣ ಮಾಡಿದಾಗ ‘ವಿಂಟೇಜ್ ಫೀಲ್’, ‘ಮಾಡರ್ನ್ ಫೀಲ್’ ಅಂತ ಕೈಗೆ ಸಿಗುವ ಅನುಭವವನ್ನೇ ಹೆಸರಿಸಬೇಕಾಯಿತು, ಏಕೆಂದರೆ ಚಿತ್ತಾರ ಹಳೆಯದೇ.

ಇದರಿಂದಲೇ ನಾನು ಮೊದಲ ಮುದ್ರಣದ ಡಬ್ಬಿಯ ಮೇಲೆ ‘ಮೊದಲ ಆವೃತ್ತಿ’ ಎಂದು ಬರೆಯುವುದಿಲ್ಲ. ಎರಡನೆಯದು ಬಂದ ದಿನ ಮೊದಲನೆಯದು ತಾನಾಗಿ ವಿ1 ಆಗುತ್ತದೆ. ಎರಡನೆಯದು ಬರದೇ ಹೋದರೆ ಆ ಬರಹ ನಗೆಪಾಟಲು.

‘ಲಿಮಿಟೆಡ್’ ಬಗ್ಗೆಯೂ ನನಗೆ ತಕರಾರಿದೆ. ಎಷ್ಟಕ್ಕೆ ಸೀಮಿತ ಅಂತ ಹೇಳದೆ ಆ ಪದ ಬಳಸಬಾರದು. ಹಲವರು ಸಂಖ್ಯೆಯನ್ನು ಸೀಲ್ ಮೇಲೆ ಅಚ್ಚು ಮಾಡಿಸುತ್ತಾರೆ. ನೋಡಲು ಚೆಂದ, ಆದರೆ ಡೆಕ್ ತೆರೆಯುವವನು ಬ್ಲೇಡ್ ಹಿಡಿದು ಎಷ್ಟೇ ನಾಜೂಕಾಗಿ ಸೀಳಿದರೂ ಅಂಕಿ ಎರಡು ಹೋಳು. ನಾನು ಡಬ್ಬಿಯ ತಳಕ್ಕೆ ಹಾಕಿಸುತ್ತೇನೆ. ‘ಗಿಲ್ಡೆಡ್’ ಅನ್ನುವುದಂತೂ ಪ್ರತ್ಯೇಕ ಮುದ್ರಣವೇ ಅಲ್ಲ: ಅಚ್ಚಾದ ಡೆಕ್‌ಗಳಲ್ಲಿ ಕೆಲವನ್ನು ಬೇರೆ ಮಾಡಿ ಅಂಚಿಗೆ ಚಿನ್ನದ ಬಣ್ಣದ ಹಾಳೆ ಒತ್ತಿಸಿದ್ದು. ಮೊದಲ ಸಲ ಬಿಚ್ಚುವಾಗ ಎಲೆಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ, ಬಿಡಿಸಿಕೊಳ್ಳಬೇಕು. ಅದಕ್ಕೆ ಮೂಲ ಆವೃತ್ತಿಯ ಹೆಸರನ್ನೇ ಉಳಿಸಿ, ‘ಗಿಲ್ಡೆಡ್’ ಅಂತ ಬಾಲ ಸೇರಿಸುತ್ತೇನೆ, ಅಷ್ಟೇ.

ಹೆಸರು ತೀರ್ಮಾನವಾದ ಮೇಲೆ ಡಬ್ಬಿಯ ನಮೂನೆ ಮಡಚಿ ಕಪಾಟಿನಲ್ಲಿ ನಿಲ್ಲಿಸುತ್ತೇನೆ. ಪೋಕರ್ ಅಳತೆಯ ಎಲೆ ಸುಮಾರು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಆದರೆ ಸಾಲಾಗಿ ಜೋಡಿಸಿಟ್ಟಾಗ ಕಾಣುವುದು ಡಬ್ಬಿಯ ಬದಿ ಮಾತ್ರ, ಎರಡು ಬೆರಳಿನಷ್ಟೂ ಅಗಲವಿರದ ಪಟ್ಟಿ. ಡೆಕ್‌ನ ಹೆಸರು, ಆವೃತ್ತಿಯ ಹೆಸರು ಎರಡೂ ಅಲ್ಲಿ ಕೂರಬೇಕು. ತೆಳು ಗೆರೆಯ ಅಕ್ಷರವಾದರೆ ಮಡಿಕೆಯ ಹತ್ತಿರ ಫಾಯಿಲ್ (ಅಕ್ಷರಕ್ಕೆ ಒತ್ತುವ ಹೊಳೆಯುವ ಹಾಳೆ) ಸರಿಯಾಗಿ ಹಿಡಿಯದೆ ಒಂದೊಂದು ಅಕ್ಷರ ಮಸುಕಾಗುತ್ತದೆ. ಪರದೆಯ ಮೇಲೆ ಮೆರೆಯುತ್ತಿದ್ದ ಎಷ್ಟೋ ಹೆಸರುಗಳು ಇಲ್ಲಿಗೆ ಬಂದು ಅರ್ಧಕ್ಕೆ ಇಳಿದಿವೆ.

ಕತ್ತರಿಸಿ ಉಳಿದ ವಿವರಕ್ಕೂ ಜಾಗವಿದೆ. ಮುದ್ರಣದ ಹಾಳೆಯಲ್ಲಿ ಸಾಮಾನ್ಯವಾಗಿ 56 ಎಲೆ ಇರುತ್ತವೆ: ಆಟದ 52, ಜೋಕರ್ ಎರಡು, ಮಿಕ್ಕ ಎರಡನ್ನು ಜಾಹೀರಾತಿಗೋ ಯಾವುದಾದರೂ ಚಮತ್ಕಾರಕ್ಕೋ ಬಳಸುತ್ತಾರೆ. ಅವುಗಳಲ್ಲಿ ಒಂದನ್ನು ನಾನು ಆವೃತ್ತಿಯ ಜಾತಕಕ್ಕೆ ಮೀಸಲಿಟ್ಟಿದ್ದೇನೆ: ಶಾಯಿಯ ಸಂಖ್ಯೆ, ಕಾಗದ, ಲೇಪನ, ಅಚ್ಚಾದ ತಿಂಗಳು, ಹಿಂದಿನ ಆವೃತ್ತಿಗಿಂತ ಏನು ಬದಲಾಗಿದೆ ಎಂಬ ಒಂದು ಸಾಲು. ಜಾದೂಗಾರರು ಅದರ ಬದಲು ಇನ್ನೊಂದು ಎಕ್ಕ ಕೊಡಿ ಅಂತ ಕೇಳುತ್ತಲೇ ಇರುತ್ತಾರೆ. ನಾನಿನ್ನೂ ಒಪ್ಪಿಲ್ಲ.