ಕೆಮ್ಮು ಬಂದ ಮಗುವಿನ ಉಸಿರನ್ನು ಎಣಿಸಿ

ಮಾಗಿಯ ಚಳಿ, ಜೊತೆಗೆ ಆಲೆಮನೆಯ ಹೊಗೆ. ಮಂಡ್ಯದ ನಮ್ಮ ಕಡೆ ಈಗ ಯಾವ ಮನೆಗೆ ಹೋದರೂ ಮಗುವಿನ ಕೆಮ್ಮು ಕೇಳಿಸುತ್ತದೆ. ಮಕ್ಕಳ ವಾರ್ಡಿನಲ್ಲಿ ದುಡಿಯುವ ನಾನು ತಾಯಂದಿರಿಗೆ ಮೊದಲು ಹೇಳುವುದು ಇದು: ಕೆಮ್ಮಿನ ಸದ್ದಿಗಿಂತ ಉಸಿರಿನ ವೇಗ ನೋಡಿ.

ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಮೊಬೈಲ್‌ನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಹೊಟ್ಟೆ ಎಷ್ಟು ಸಲ ಏರಿತು ಎಂದು ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ. ಎಳೆಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ವರ್ಷ ತುಂಬುವವರೆಗೆ 50, 5 ವರ್ಷದವರೆಗೆ 40. ಅಷ್ಟು ಮುಟ್ಟಿದರೆ ಅಂದೇ ವೈದ್ಯರಿಗೆ ತೋರಿಸಿ. ಪಕ್ಕೆಯ ಕೆಳಗೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡ.

ಇನ್ನು ಕಿವಿನೋವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ! ನಮ್ಮ ಅಜ್ಜಿಯೂ ನನಗೆ ಬಿಡುತ್ತಿದ್ದರು, ಒಪ್ಪುತ್ತೇನೆ. ಆದರೆ ಕೀವು ಸೋರುವ ಕಿವಿಗೆ ಯಾವ ಎಣ್ಣೆಯೂ ಬೇಡ. ವೈದ್ಯರಿಗೆ ತೋರಿಸುವುದಂತೂ ಇದ್ದೇ ಇದೆ. ಅದರ ಜೊತೆಗೆ ಶುಭ್ರವಾದ ಹತ್ತಿ ಬಟ್ಟೆಯನ್ನು ದೀಪದ ಬತ್ತಿಯಂತೆ ಹೊಸೆದು ಕಿವಿಯಲ್ಲಿಡಿ. ಒದ್ದೆಯಾದ ಕೂಡಲೇ ತೆಗೆದು ಹೊಸದನ್ನು ಇಡಿ, ಬತ್ತಿ ಒಣಗಿಯೇ ಹೊರಬರುವವರೆಗೆ.